ಮುಂಬಯಿ ಫ್ಲ್ಯಾಟಿನಲ್ಲಿ ಇಬ್ನ್ ಅಲ್-ಹೈಥಮ್ ಅವರ ಮೂರು ದೀಪ

ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಪ್ರಾಚೀನ ಗ್ರೀಕ್ ವಿದ್ವಾಂಸರಾದ ಯೂಕ್ಲಿಡ್, ಟಾಲೆಮಿ ನಂಬಿದ್ದರು. ಬೆಳಕೇ ಕಣ್ಣಿಗೆ ಬರುತ್ತದೆ ಎಂದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಮಧ್ಯಯುಗದ ವಿಜ್ಞಾನಿ ಇಬ್ನ್ ಅಲ್-ಹೈಥಮ್. ಹಾಗಿದ್ದರೆ ಒಂದೇ ಕಿಂಡಿಯಲ್ಲಿ ನುಗ್ಗುವ ಹಲವು ಬೆಳಕು ಕಲಸಿಹೋಗುವುದಿಲ್ಲವೇ? ಹಲವು ದೀಪಗಳ ಬೆಳಕನ್ನು ಒಂದೇ ತೂತಿನ ಮೂಲಕ ಕತ್ತಲ ಕೋಣೆಗೆ ಬಿಡುವ ಅವರ ಪ್ರಯೋಗ ಅದಕ್ಕೆ ಉತ್ತರ. ಮಕ್ಕಳಿಗೆ ತೋರಿಸಲು ಒಂದು ಹಾಲ್, ಒಂದು ಬೆಡ್‌ರೂಮ್ ಸಾಕು.

ಬೆಡ್‌ರೂಮಿನ ಬಾಗಿಲು ಪೂರ್ತಿ ತೆರೆದು, ವಾಷಿಂಗ್ ಮಷಿನ್ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ ಚೌಕಟ್ಟಿಗೆ ಅಡ್ಡಲಾಗಿ ಅಂಟಿಸಿ. ಮೇಲೆ, ಕೆಳಗೆ ದಪ್ಪ ಚಾದರ ಕಟ್ಟಿ. ರಟ್ಟಿನ ನಡುವೆ 2 ಸೆಂ.ಮೀ. ಚೌಕ ಕತ್ತರಿಸಿ. ತೂತನ್ನು ಮಾತ್ರ ರಟ್ಟಿನಲ್ಲೇ ಕೊರೆಯಬೇಡಿ: ದಪ್ಪ ರಟ್ಟಿನ ತೂತು ಕೊಳವೆಯಂತಾಗಿ ಪಕ್ಕದ ದೀಪಗಳ ಬೆಳಕನ್ನು ಸ್ವಲ್ಪ ತಡೆಯುತ್ತದೆ. ಕಪ್ಪು ಚಾರ್ಟ್ ಪೇಪರಿನ ತುಂಡಿಗೆ ಆಫೀಸಿನ ಪಂಚಿಂಗ್ ಮಷಿನ್‌ನಲ್ಲಿ ಒಂದೇ ತೂತು ಹಾಕಿ (ಸುಮಾರು 6 ಮಿ.ಮೀ.), ಚೌಕದ ಮೇಲೆ ಅಂಟಿಸಿ.

ಹಾಲಿನಲ್ಲಿ ತೂತಿನ ಎತ್ತರಕ್ಕೆ, ಅದರಿಂದ 1 ಮೀಟರ್ ದೂರದಲ್ಲಿ, 30 ಸೆಂ.ಮೀ. ಅಂತರದಲ್ಲಿ ಮೂರು ಮೇಣದಬತ್ತಿ ಹಚ್ಚಿ. ಬೆಡ್‌ರೂಮಿನ ಒಳಗೂ ತೂತಿನಿಂದ 1 ಮೀಟರ್‌ಗೆ ಅಗಲವಾದ ಬಿಳಿ ಕಾಗದ ನಿಲ್ಲಿಸಿ. ಫ್ಯಾನ್ ಆರಿಸಿ, ಇಲ್ಲವಾದರೆ ಜ್ವಾಲೆ ಕುಣಿದು ಕಾಗದದ ಮೇಲಿನ ಬೆಳಕಿನ ಗುರುತು ಕದಡುತ್ತದೆ. ಚಾದರದ ಹತ್ತಿರ ಬೆಂಕಿ ಬೇಡ, ಚಿಕ್ಕ ಮಕ್ಕಳಿದ್ದರೆ ಮೊಬೈಲ್ ಟಾರ್ಚ್ ಇಡಿ.

ಮುಂಬಯಿಯಲ್ಲಿ ಕೆಡುವುದು ಹೆಚ್ಚಾಗಿ ಕಿಟಕಿಯಿಂದಲೇ. ಎದುರು ಬಿಲ್ಡಿಂಗಿನ ದೀಪ ಒಳಬಂದರೆ ಏನೂ ಕಾಣದು. ಪರದೆಯ ಅಂಚನ್ನೂ ಟೇಪಿನಿಂದ ಮುಚ್ಚಿ, ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷ ಕಾಯಿರಿ.

ಕಾಗದದ ಮೇಲೆ ಮೂರು ಜ್ವಾಲೆ ತುದಿ ಕೆಳಗಾಗಿ ಮೂಡುತ್ತವೆ. ಈಗ ಹಾಲಿನಲ್ಲಿರುವವರು ಎಡಗಡೆಯ ದೀಪಕ್ಕೆ ಕೈ ಅಡ್ಡ ಹಿಡಿಯಲಿ. ಅದರ ಎದುರುಬದಿಯ ಗುರುತೊಂದೇ ಮಾಯ, ಉಳಿದೆರಡು ಅಲುಗುವುದೂ ಇಲ್ಲ. ಕೈ ತೆಗೆದರೆ ಅದೇ ಜಾಗಕ್ಕೆ ಮರಳುತ್ತದೆ. ಬೆಳಕುಗಳು ತೂತಿನಲ್ಲಿ ಒಂದನ್ನೊಂದು ದಾಟಿದವು, ಬೆರೆಯಲಿಲ್ಲ. ಇದನ್ನು ಅವಸರಪಡಿಸಬೇಡಿ, ಪ್ರತಿ ಮಗುವೂ ಒಮ್ಮೆ ದೀಪ ಮುಚ್ಚಲಿ, ಒಮ್ಮೆ ಒಳಗೆ ನಿಂತು ನೋಡಲಿ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟು ನೋಡುವ ಈ ಶಿಸ್ತೇ ಪ್ರಯೋಗದ ಜೀವ.

ಯುರೋಪಿನ ಕಥೆಯನ್ನು ಆಮೇಲೆ ಹೇಳಿ. ಬೆಳಕು, ದೃಷ್ಟಿಯ ಬಗ್ಗೆ ಇಬ್ನ್ ಅಲ್-ಹೈಥಮ್ ಬರೆದ ಗ್ರಂಥ ಲ್ಯಾಟಿನ್‌ಗೆ ಬಂತು. 13ನೇ ಶತಮಾನದಲ್ಲಿ ಯುರೋಪಿನ ವಿದ್ವಾಂಸರಾದ ರೋಜರ್ ಬೇಕನ್, ವಿಟೆಲೋ ಅದನ್ನು ಆಧರಿಸಿ ಬರೆದರು. 1572ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾಯಿತು. ಕಣ್ಣೊಳಗೂ ಚಿತ್ರ ತಲೆಕೆಳಗೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದನ್ನು ಇಬ್ನ್ ಅಲ್-ಹೈಥಮ್ ಒಪ್ಪಿರಲಿಲ್ಲ. ಕಣ್ಣಿನ ಹಿಂಬದಿಯ ಪೊರೆಯಾದ ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬ ಬೀಳುತ್ತದೆ ಎಂದು 1604ರಲ್ಲಿ ವಿವರಿಸಿದವರು ಖಗೋಳವಿಜ್ಞಾನಿ ಕೆಪ್ಲರ್.