18 ಅಡಿ ಭರ್ಜಿ ಹೊತ್ತ ಕಥೆ

ಮೊದಲ ತೊಂದರೆ ಕೊಟ್ಟಿದ್ದು ಮೆಟ್ಟಿಲು. 18 ಅಡಿ ಕೋಲು ನಮ್ಮ ಬಿಲ್ಡಿಂಗಿನ ಮೆಟ್ಟಿಲ ತಿರುವಿನಲ್ಲಿ ತಿರುಗುವುದಿಲ್ಲ ಅಂತ ನನಗೆ ಹೊಳೆದದ್ದು, ಅದರ ಬುಡ ಕೆಳಗಿನ ಮನೆ ಬಾಗಿಲಿಗೆ ಬಡಿದ ಮೇಲೆ. ಆ ಮನೆಯ ಅಜ್ಜಿ ಬಾಗಿಲು ತೆಗೆದರು. ಕೋಲು ನೋಡಿದರು, ನನ್ನನ್ನೂ ನೋಡಿದರು. "ಫ್ಲಾಡನ್‌ಗೆ ಹೊರಟೆಯೇನಪ್ಪ? ಸ್ವಲ್ಪ ತಡವಾಯ್ತಲ್ಲ" ಅಂದರು. ಸ್ಕಾಟರಿಗೂ ಇಂಗ್ಲಿಷರಿಗೂ ಫ್ಲಾಡನ್ ಯುದ್ಧ ನಡೆದದ್ದು 1513ರಲ್ಲಿ.

ನಾನಿರುವುದು ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ. ಹುಟ್ಟಿದ್ದು ಸಾಗರದ ಹತ್ತಿರ, ಅಡಿಕೆ ತೋಟದ ಮನೆಯಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ವಾರದ ಕೊನೆಗೆ ಮಾತ್ರ ಹಳೇ ಕಾಲದ ಸಿಪಾಯಿ ವೇಷ ಹಾಕಿ ಯುದ್ಧ ಆಡಿ ತೋರಿಸುವ ಒಂದು ತಂಡದ ಜೊತೆ ಹೋಗುತ್ತೇನೆ. ಸೇರಿ ನಾಲ್ಕು ವರ್ಷ ಆಯ್ತು. ಕತ್ತಿ ಹಿಡಿಯಬಹುದು ಅಂದುಕೊಂಡು ಹೋದವನಿಗೆ ಮೊದಲ ದಿನವೇ ಉದ್ದದ ಕೋಲು ಕೊಟ್ಟರು. ತಂಡದ ಹಿರಿಯರಿಗೆ ಇದರಲ್ಲಿ ಸಂಶಯವೇ ಇಲ್ಲ: ಕತ್ತಿ ದುಡ್ಡಿದ್ದವರದ್ದು, ಸ್ಕಾಟ್ಲೆಂಡನ್ನು ಕಾದದ್ದು ಕೋಲು.

ಮಾತು ಸುಳ್ಳಲ್ಲ. 1318ರಲ್ಲಿ ರಾಜ ರಾಬರ್ಟ್ ಬ್ರೂಸ್ ಒಂದು ಕಾನೂನು ಮಾಡಿದ. ಒಂದು ಹಸುವಿನ ಬೆಲೆಯಷ್ಟು ಆಸ್ತಿ ಇರುವ ಪ್ರತಿಯೊಬ್ಬನ ಬಳಿಯೂ ಒಂದು ಒಳ್ಳೆ ಭರ್ಜಿ ಇರಬೇಕು, ಇಲ್ಲವೇ ಬಿಲ್ಲು ಮತ್ತು 24 ಬಾಣ. ಒಂದು ಹಸು, ಒಂದು ಭರ್ಜಿ. ಲೆಕ್ಕ ಎಷ್ಟು ಸಲೀಸು ಅಲ್ವಾ?

ಆ ಭರ್ಜಿಯವರನ್ನು ಒತ್ತೊತ್ತಾಗಿ ನಿಲ್ಲಿಸಿ, ಮೊನೆಗಳನ್ನೆಲ್ಲ ಹೊರಗೆ ಚಾಚಿದರೆ ಅದೇ ಶಿಲ್ಟ್ರನ್. ಮುಳ್ಳುಹಂದಿ ಇದ್ದ ಹಾಗೆ. 1298ರ ಜುಲೈ 22ರಂದು ಸ್ಕಾಟರ ನಾಯಕ ವಿಲಿಯಂ ವಾಲೇಸ್ ಇಂಥ ನಾಲ್ಕು ಶಿಲ್ಟ್ರನ್ ಕಟ್ಟಿ ನಮ್ಮ ಫಾಲ್ಕರ್ಕ್ ಆಸುಪಾಸಿನಲ್ಲೇ ನಿಂತಿದ್ದ. ಜಾಗ ಸರಿಯಾಗಿ ಯಾವುದು ಅಂತ ಇವತ್ತಿಗೂ ಜಗಳ ಇದೆ. ಇಂಗ್ಲಿಷರ ಕುದುರೆಗಳು ಆ ಮುಳ್ಳು ದಾಟಲಿಲ್ಲ. ಆದರೆ ನಿಂತಲ್ಲೇ ನಿಂತವರ ಮೇಲೆ ಬಾಣದ ಮಳೆ ಸುರಿಯಿತು, ಸಾಲು ಸಡಿಲವಾಯಿತು, ಆಮೇಲೆ ಕುದುರೆ ನುಗ್ಗಿದವು. 16 ವರ್ಷದ ನಂತರ ಬ್ಯಾನಕ್‌ಬರ್ನ್‌ನಲ್ಲಿ ಬ್ರೂಸ್ ಅದೇ ಮುಳ್ಳುಹಂದಿಗೆ ನಡೆಯೋದು ಕಲಿಸಿದ್ದ. ಗೆದ್ದ.

ನಾನು ಮಾಡಹೊರಟದ್ದು ಅದಕ್ಕಿಂತ ಉದ್ದದ್ದು, ಫ್ಲಾಡನ್ ಕಾಲದ ಪೈಕ್. 1471ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟು, ಹೊರದೇಶದಿಂದ ತರಿಸುವ ಭರ್ಜಿ 6 ಎಲ್‌ಗಿಂತ ಗಿಡ್ಡ ಇರಬಾರದು ಅಂತ ವ್ಯಾಪಾರಿಗಳಿಗೆ ತಾಕೀತು ಮಾಡಿತ್ತು. ಸ್ಕಾಟಿಷ್ ಎಲ್ ಅಂದರೆ 37 ಇಂಚು. ಆರು ಎಲ್‌ಗೆ 18 ಅಡಿ 6 ಇಂಚು. ನಾನು ಆರಿಂಚು ಕಳ್ಳತನ ಮಾಡಿದೆ.

ಮರ ಆಶ್. ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. "ಫಸ್ಟ್ ಕ್ಲಾಸ್ ಮಾಲು" ಅಂತ ಮರದಂಗಡಿಯವನು ಕೊಟ್ಟ ಮೊದಲ ಕೋಲನ್ನು ನಂಬಿ ಮೂರು ಶನಿವಾರ ಹೆರೆದೆ. ನಾಲ್ಕನೇ ಶನಿವಾರ ಮೈದಾನದಲ್ಲಿ ಎತ್ತಿ ಅಡ್ಡ ಹಿಡಿದೆ ಅಷ್ಟೇ, ಲಟಕ್ ಅಂತ ಕಬ್ಬಿನ ಜಲ್ಲೆ ಹಾಗೆ ಮುರಿಯಿತು. ಮುರಿದ ಜಾಗ ನೋಡಿದರೆ ಮರದ ನಾರು ಕೋಲಿನ ಉದ್ದಕ್ಕೆ ಓಡಿರಲಿಲ್ಲ, ಓರೆಯಾಗಿ ಪಕ್ಕಕ್ಕೆ ಜಾರಿತ್ತು. ಈಗ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಇಂಕ್ ಬಾಟಲಿ ಇರುತ್ತದೆ. ಮರದ ಮೇಲೆ ಒಂದು ಹನಿ ಬಿಟ್ಟರೆ ಇಂಕು ನಾರಿನ ಜಾಡು ಹಿಡಿದು ಹರಿಯುತ್ತದೆ. ಉದ್ದಕ್ಕೆ ಹರಿದರೆ ಕೊಳ್ಳುತ್ತೇನೆ. ಪಕ್ಕಕ್ಕೆ ಹೊರಳಿದರೆ ಅವರು ಏನೇ ಹೇಳಲಿ, ಬೇಡ.

ಚೌಕದ ಮರವನ್ನು ಸೀದಾ ದುಂಡು ಮಾಡಲು ಹೋಗಬಾರದು. ಮೊದಲು ನಾಲ್ಕು ಮೂಲೆ ಕೀಸಿ ಎಂಟು ಮೂಲೆ ಮಾಡಬೇಕು, ಎಂಟನ್ನು ಹದಿನಾರು ಮಾಡಬೇಕು, ಆಮೇಲೆ ದುಂಡು ತಾನಾಗೇ ಬರುತ್ತದೆ. ಬುಡ ದಪ್ಪ, ತುದಿ ಸಣ್ಣ. ಕೊನೆಗೆ ಅಗಸೆ ಎಣ್ಣೆ. ವ್ಯಾನಿನಲ್ಲಿ ಹಿಡಿಯಬೇಕಲ್ಲ ಅಂತ ಮನಸ್ಸಿಲ್ಲದ ಮನಸ್ಸಿನಿಂದ ನಡುವೆ ಕತ್ತರಿಸಿ ಕಬ್ಬಿಣದ ಕೊಳವೆ ಹಾಕಿ ಜೋಡಿಸಿದೆ. ಹಳಬರು ನೋಡಿದ್ದರೆ ನಗುತ್ತಿದ್ದರು. ಮೊನೆ ಮೊಂಡು, ಹೆಬ್ಬೆರಳಿನಷ್ಟು ದುಂಡಗೆ. ಅದನ್ನೂ ದಾರಿಯಲ್ಲಿ ಬಿಚ್ಚಿ ಬಟ್ಟೆ ಸುತ್ತಿಡುತ್ತೇವೆ. ಪೊಲೀಸರಿಗೆ ನಾಟಕದ ಕಥೆ ಹೇಳುತ್ತಾ ನಿಲ್ಲೋದಕ್ಕಿಂತ ಅದು ವಾಸಿ.

ಎಲ್ಲ ಸೇರಿ ನಾಲ್ಕು ಕೆಜಿ ಚಿಲ್ಲರೆ. ಅಕ್ಕಿ ಚೀಲಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ಒಂದು ಕೈ ಬುಡದಲ್ಲಿ, ಇನ್ನೊಂದು ಮೂರಡಿ ಮುಂದೆ, ಉಳಿದ 15 ಅಡಿ ಗಾಳಿಯಲ್ಲಿ ಅಂದಾಗ ಆ ನಾಲ್ಕು ಕೆಜಿಯ ಬಣ್ಣ ಬಯಲಾಗುತ್ತದೆ. ಐದು ನಿಮಿಷಕ್ಕೆ ತೋಳು ನಡುಗುತ್ತದೆ. ತೋಳು ಒಂದಿಂಚು ನಡುಗಿದರೆ ಮೊನೆ ಅರ್ಧ ಅಡಿ ಕುಣಿಯುತ್ತದೆ.

ವಿಡಿಯೋ ಕಾಲ್‌ನಲ್ಲಿ ಅಪ್ಪಯ್ಯನಿಗೆ ತೋರಿಸಿದೆ. "ಇದು ದೋಟಿ ಅಲ್ದೇನೋ ಮಾರಾಯಾ! ಇಷ್ಟು ಗಿಡ್ಡ ದೋಟಿಗೆ ಇಷ್ಟು ಒದ್ದಾಡ್ತೀಯಾ?" ಅಂದರು. ನಮ್ಮ ತೋಟದಲ್ಲಿ ಈಗ ಅಡಿಕೆ ಕೊನೆ ಇಳಿಸೋದು ಕಾರ್ಬನ್ ಫೈಬರ್ ದೋಟಿಯಲ್ಲಿ, ಇದರ ಮೂರರಷ್ಟು ಉದ್ದದ್ದು. ಅವರು ಹೇಳಿದ್ದು ಎರಡೇ ಮಾತು. "ಕೈ ನೋಡ್ಬೇಡ, ತುದಿ ನೋಡು. ಭಾರ ತೋಳಿಗೆ ಕೊಡ್ಬೇಡ, ಸೊಂಟಕ್ಕೆ ಕೊಡು." ಮುಂದಿನ ವಾರ ತಂಡದವರು, ಯಾರ ಹತ್ರ ಕಲಿತೆ ಅಂತ ಕೇಳಿದರು. ನಮ್ಮೂರಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡರ ವಿದ್ಯೆ ಅಂತ ಇವರಿಗೆ ವಿವರಿಸೋದು ಹೇಗೆ?

ನೆಟ್ಟಗೆ ನಿಂತರೆ ಆಯ್ತಾ? ಕಳೆದ ವರ್ಷ ಮಳೆ ನಿಂತ ಮಾರನೇ ದಿನ ಒಂದು ಇಳಿಜಾರಿನಲ್ಲಿ ಅಭ್ಯಾಸ. ನಾನು ಮೊದಲ ಸಾಲು. ಚರ್ಮದ ಅಟ್ಟೆಯ ನುಣುಪು ಬೂಟು. ಎಂಟು ಹೆಜ್ಜೆ ಸರಿ ಇತ್ತು, ಒಂಬತ್ತನೇ ಹೆಜ್ಜೆಗೆ ಕಾಲು ಜಾರಿತು. ನನ್ನ ಮೊನೆ ನೆಲಕ್ಕೆ ಚುಚ್ಚಿಕೊಂಡಿತು, ಹಿಂದಿನವನ ಕೋಲು ನನ್ನ ಹೆಲ್ಮೆಟ್‌ಗೆ ಠಣ್ ಅಂತ ಬಿತ್ತು, ಪಕ್ಕದವನು ನನ್ನನ್ನು ತಪ್ಪಿಸಲು ಹೋಗಿ ಸಾಲು ಬಿಟ್ಟ. ಎದುರಿಗೆ ಇಂಗ್ಲಿಷ್ ವೇಷದವನ ಕೈಯಲ್ಲಿ ಬಿಲ್ ಇತ್ತು. ಎಂಟಡಿ ಕೋಲಿಗೆ ನಮ್ಮ ಕುಡುಗೋಲು ಸಿಕ್ಕಿಸಿ, ಮೇಲೊಂದು ಮೊನೆ ಇಟ್ಟರೆ ಹೇಗಿರುತ್ತದೋ ಹಾಗೆ. ಅವನು ಓಡಲೂ ಇಲ್ಲ. ನಮ್ಮ ಕೋಲುಗಳನ್ನು ಪಕ್ಕಕ್ಕೆ ಸರಿಸುತ್ತಾ ನಡೆದು ಬಂದ. ಮೊನೆ ದಾಟಿ ಒಳಗೆ ಬಂದವನ ಮುಂದೆ ನನ್ನ 18 ಅಡಿ ಬರೀ ಬೇಲಿ ಗಳ.

ಫ್ಲಾಡನ್‌ನಲ್ಲಿ ಆದದ್ದೂ ಇದೇ. 1513ರ ಸೆಪ್ಟೆಂಬರ್ 9. ಸ್ಕಾಟರ ರಾಜ ನಾಲ್ಕನೇ ಜೇಮ್ಸ್‌ನ ಪಡೆ ಬ್ರ್ಯಾಂಕ್‌ಸ್ಟನ್ ಗುಡ್ಡದಿಂದ ಇಳಿಯಿತು. ಎಡಗಡೆಯ ಪೈಕ್‌ನವರಿಗೆ ಗಟ್ಟಿ ನೆಲ ಸಿಕ್ಕಿತು, ಅವರು ಎದುರಾಳಿಯನ್ನು ಕೆಡವಿ ಹಾಕಿದರು. ರಾಜನ ಗುಂಪಿಗೆ ಸಿಕ್ಕಿದ್ದು ಗುಡ್ಡದ ಬುಡದ ಜೌಗು. ಸಾಲು ಒಡೆಯಿತು, ಬಿಲ್‌ನವರು ಒಳಗೆ ನುಗ್ಗಿದರು, ರಾಜನೇ ಸತ್ತ. ಸ್ಕಾಟರು ಜಾರಬಾರದೆಂದು ಬೂಟು ಬಿಚ್ಚಿ ಕಾಲುಚೀಲದಲ್ಲೇ ಹೊಡೆದಾಡಿದರು ಅಂತ ಇಂಗ್ಲಿಷರ ವರದಿಯಲ್ಲಿದೆ. ನಾನದನ್ನು ಮೊದಲೇ ಓದಿದ್ದೆ. ಓದಿ ಏನು ಬಂತು, ಬೂಟು ಹಾಕಿಕೊಂಡೇ ಹೋಗಿದ್ದೆ. ಆಮೇಲೊಮ್ಮೆ ಬರಿಗೈಯಲ್ಲಿ ಆ ಗುಡ್ಡ ಇಳಿದು ನೋಡಿದೆ. ಮೇಲಿಂದ ನೋಡಿದರೆ ಕೆಳಗಿನ ತಗ್ಗು ಏನೂ ಅಲ್ಲ ಅನ್ನಿಸುತ್ತದೆ.

ಈ ವರ್ಷ ಲೊಕಾಬರ್ ಕೊಡಲಿಗೆ ಕೈ ಹಾಕಿದ್ದೇನೆ. ಐದಾರು ಅಡಿ ಕಾವು, ಮೊಣಕೈಯಷ್ಟು ಉದ್ದದ ಅಲಗು, ಹಿಂದೆ ಒಂದು ಕೊಕ್ಕೆ. ಎಡಿನ್‌ಬರಾದ ನಗರ ಕಾವಲುಗಾರರು 1817ರಲ್ಲಿ ಅವರ ಪಡೆ ಮುಚ್ಚುವವರೆಗೂ ಇದನ್ನು ಹಿಡಿದು ಓಡಾಡುತ್ತಿದ್ದರು. ಆ ಕೊಕ್ಕೆ ಕುದುರೆ ಸವಾರನನ್ನು ಎಳೆದು ಬೀಳಿಸಲು ಅಂತ ಪ್ರವಾಸಿಗರಿಗೆ ಹೇಳುತ್ತಾರೆ. ಗೇಟಿನ ಮೇಲಂಚಿಗೆ ಸಿಕ್ಕಿಸಿ ಹತ್ತಲು ಅಂತ ಹಳಬರು ಬರೆದದ್ದೂ ಇದೆ. ನನ್ನ ಮಟ್ಟಿಗೆ ಗೋಡೆಗೆ ನೇತು ಹಾಕಲು ಬಹಳ ಅನುಕೂಲ.

ನೋಡಲು ಬಂದವರೆಲ್ಲ ಅಲಗು ಮುಟ್ಟಿ ನೋಡುತ್ತಾರೆ. ಕಾವನ್ನು ಯಾರೂ ನೋಡಲ್ಲ. ಬ್ರೂಸ್ ಬ್ಯಾನಕ್‌ಬರ್ನ್‌ನಲ್ಲಿ ಮೇಲೇರಿ ಬಂದ ಇಂಗ್ಲಿಷ್ ಸವಾರ ಡಿ ಬೋಹನ್‌ನ ತಲೆಯನ್ನು ಕೊಡಲಿಯ ಒಂದೇ ಏಟಿಗೆ ಸೀಳಿದನಂತೆ. ಹೀಗೆ ಜೀವಕ್ಕೆ ಅಪಾಯ ತಂದುಕೊಳ್ಳೋದಾ ಅಂತ ಜೊತೆಯವರು ಬೈದರೆ, ಒಳ್ಳೆ ಕೊಡಲಿ ಕಾವು ಮುರೀತಲ್ಲ ಅಂತಷ್ಟೇ ಪೇಚಾಡಿದನಂತೆ. ಕಥೆ ನಿಜವೋ ಅಲ್ಲವೋ, ಒಂದು ಕೋಲು ಮುರಿದುಕೊಂಡವನಿಗೆ ಅವನ ಬೇಜಾರು ಅರ್ಥವಾಗುತ್ತದೆ.

ಪೈಕ್ ಈಗ ಮನೆಯಲ್ಲಿಲ್ಲ. ಸ್ನೇಹಿತನ ಗ್ಯಾರೇಜಿನ ಸೂರಿಗೆ ಮೂರು ಹಗ್ಗದ ಕುಣಿಕೆ ಕಟ್ಟಿ ಮಲಗಿಸಿದ್ದೇನೆ. ಮೂಲೆಗೆ ಒರಗಿಸಿಟ್ಟರೆ ಚಳಿಗಾಲ ಮುಗಿಯೋದರೊಳಗೆ ಬಾಗುತ್ತದೆ. ಅಪ್ಪಯ್ಯ ಪ್ರತಿ ಭಾನುವಾರ ನೆನಪು ಮಾಡುತ್ತಾರೆ: "ಎಣ್ಣೆ ಹಾಕಿದ್ಯೇನೋ?"