ಲಿಲ್ಲಿ ಬೇರಿಗೆ ಹರವಿಯ ತಂಪು
ಘಮಘಮ ಲಿಲ್ಲಿ ಹಚ್ಚಿದವರು ಇದೊಂದು ಮಾಡಿ ನೋಡ್ರಿ: ಗಡ್ಡಿ ಇರೋ ಮಣ್ಣಿನ ಕುಂಡವನ್ನ ಅದಕ್ಕಿಂತ ದೊಡ್ಡ ಮಣ್ಣಿನ ಕುಂಡದಾಗ ಇಟ್ಟು, ನಡುವಿನ ಎರಡು ಬೆರಳು ಸಂದಿಗೆ ಉಸುಕು ತುಂಬಿ, ಮುಂಜಾನೆ-ಸಂಜಿ ಆ ಉಸುಕಿಗಷ್ಟ ನೀರು ಹಾಕ್ರಿ. ಎರಡೂ ಕುಂಡಕ್ಕ ತಳದಾಗ ತೂತು ಇರಬೇಕು. ಹರವಿಯೊಳಗಿನ ನೀರು ತಂಪಾದಂಗ, ಕುಂಡದ ಮೈಯಿಂದ ತೇವ ಆವಿಯಾಗಿ ಬೇರಿನ ಕಾವು ಎಳಕೊಂಡು ಹೋಗ್ತದ. ನವೆಂಬರ್‌ದಾಗ ನೆಟ್ಟ ಗಡ್ಡಿ ಫೆಬ್ರುವರಿ-ಮಾರ್ಚ್‌ ಹೊತ್ತಿಗೆ ಮೊಗ್ಗು ಹಿಡಿತದ. ವಿಜಯಪುರದ ಬಿಸಲು ಚುರುಗುಡೋದೂ ಆವಾಗನ. ಲಿಲ್ಲಿಗೆ ತಲಿ ಬಿಸಲಾಗ ಇದ್ರೂ ನಡೀತದ, ಕಾಲು ಮಾತ್ರ ತಂಪಾಗಿರಬೇಕು. ಒಳಗಿನ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಂದು ಗೆಣ್ಣಿನ ಆಳಕ್ಕ ಒಣಗಿದ್ರಷ್ಟ ನೀರು ಕೊಡ್ರಿ, ಯಾಕಂದ್ರ ಉಸುಕಿನ ತೇವ ಗೋಡಿಯಿಂದ ಒಳಗೂ ಇಳೀತದ. ಪ್ಲಾಸ್ಟಿಕ್ ಅಥವಾ ಬಣ್ಣ ಬಳದ ಕುಂಡಕ್ಕ ಇದು ಹತ್ತೂದಿಲ್ಲ. ಬೋರಿನ ಸವಳು ನೀರು ಹಾಕಿದ್ರ ಹೊರಗ ಬಿಳಿ ಪುಡಿ ಕಟ್ಟಿ ಕುಂಡದ ಮೈಯಾಗಿನ ಸಣ್ಣ ಸಣ್ಣ ತೂತು ಮುಚ್ಚತಾವ, ನಾರಿಲೆ ತಿಕ್ಕಿ ತೆಗೀರಿ. ಮಳಿಗಾಲದಾಗ ಆವಿ ಅಷ್ಟಾಗಿ ಏಳೂದಿಲ್ಲ, ಗಡ್ಡಿ ಕೊಳೀತದ. ಒಳಗಿನ ಕುಂಡ ಎತ್ತಿ ಬ್ಯಾರೆ ಇಡ್ರಿ. ಮನ್ಯಾಗ ಬೆಕ್ಕು ಇದ್ರ ಮಾತ್ರ ಲಿಲ್ಲಿ ಬ್ಯಾಡೇ ಬ್ಯಾಡ್ರಿ, ಅದರ ಪರಾಗ ಸೈತ ಬೆಕ್ಕಿಗೆ ವಿಷ.