ಮುಳ್ಳೋಡಿಯಲ್ಲಿ ನಾವು ಸರದಿ ಕಟ್ಟಿದ ಬಗೆ

ಕುದುರೆಮುಖ ಶಿಖರದ ಚಾರಣ ಶುರುವಾಗುವ ಊರು ನಮ್ಮ ಮುಳ್ಳೋಡಿ, ನಾನು ಇಲ್ಲಿ ಗೈಡ್. ಚಾರಣಿಗರನ್ನು ಬೆಟ್ಟ ಹತ್ತಿಸುವ ಕೆಲಸವನ್ನು ಗೈಡ್‌ಗಳು ಸರದಿಯಲ್ಲಿ ಹಂಚಿಕೊಳ್ಳುವುದು ಒಗ್ಗುವುದೇ ಇಲ್ಲ ಎಂದಿದ್ದವರು ಕಳೆದ ಮಳೆಗಾಲದಲ್ಲಿ ನನ್ನ ಲೆಕ್ಕದ ಪುಸ್ತಕ ಕೇಳಿಕೊಂಡು ಮನೆಗೆ ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚಾರಣಿಗರ ಜೀಪು ಬಂದ ಕೂಡಲೇ ಓಡಿಹೋಗಿ ಯಾರು ಮಾತಿಗಿಳಿದರೋ ಅವರಿಗೆ ತಂಡ. ವಾರಾಂತ್ಯಕ್ಕೆ ನಾನು ಒಬ್ಬನೇ 25 ಜನರನ್ನು ಕರೆದುಕೊಂಡು ಹೋದದ್ದೂ ಉಂಟು. ದುಡ್ಡು ಬಂತೆಂದರೆ ಅದೂ ಇಲ್ಲ. ನಗರದ ಒಬ್ಬ ಏಜೆಂಟ್ ಒಂದೇ ಸೀಸನ್ನಿನಲ್ಲಿ ಸುಮಾರು 18,000 ಬಾಕಿ ಇಟ್ಟು ಫೋನ್ ಎತ್ತುವುದನ್ನೇ ಬಿಟ್ಟ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಡೆಯಿತು. ನಮ್ಮ ಹುಡುಗರು ಅಡಿಕೆ ತೋಟದ ಕೂಲಿಗೆ ಮರಳಿದರು. 2005ರ ಕೊನೆಗೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತಾಗ ಅಪ್ಪ ಜಗಲಿಯಲ್ಲಿ ಕುಳಿತಿದ್ದ ಬಗೆ ನನಗೆ ಆಗ ನೆನಪಾಯಿತು.

ಚಾರಣ ಮತ್ತೆ ಶುರುವಾಗಿ, ಕುದುರೆಮುಖಕ್ಕೆ ದಿನಕ್ಕೆ 300 ಜನರ ಮಿತಿ ಬಂದ ಮೇಲೆ ಓಡಿ ಹಿಡಿದರೆ ನಾಲ್ಕು ಮನೆಗೆ ಊಟ, ಉಳಿದವರಿಗೆ ಉಪವಾಸ. ಹಾಗಾಗಿ ಹೆಸರಿನ ಪಟ್ಟಿ ಬರೆದೆ. ಒಬ್ಬ ಗೈಡ್‌ಗೆ ಹತ್ತೇ ಜನ, ತಂಡಕ್ಕೆ 100 ರೂಪಾಯಿ ಊರ ಡಬ್ಬಿಗೆ. ಮೊದಲ ತಿಂಗಳಲ್ಲೇ ಪಟ್ಟಿ ಹರಿಯಿತು. ಶನಿವಾರದ ಸರದಿ ಬಂದವನಿಗೆ ಹಬ್ಬ, ಮಂಗಳವಾರದವನಿಗೆ ಇಬ್ಬರೇ ಚಾರಣಿಗರು. ಚೆನ್ನಾಗಿ ಮಾತನಾಡುವ ಇಬ್ಬರು ಬಿಟ್ಟುಹೋದರು. ಕೊನೆಗೆ ವಾರಾಂತ್ಯಕ್ಕೊಂದು, ಉಳಿದ ದಿನಗಳಿಗೊಂದು ಎಂದು ಎರಡು ಪಟ್ಟಿ ಮಾಡಿದೆ. ಅಲ್ಲಿಂದ ಜಗಳ ನಿಂತಿತು. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ಹೊರೆ ಹೊರುವವರದು ಬೇರೆಯೇ ಗೋಳು. ತಂಡದ ಊಟ, ನೀರು, ಚಾರಣಿಗರ ಚೀಲ ಎಲ್ಲ ಸೇರಿ 20 ಕಿಲೋ ದಾಟಿದರೂ ಅದೇ ಕೂಲಿ. ಹೋಗಿ ಬರುವ ದಾರಿ 20 ಕಿಲೋಮೀಟರಿನ ಆಸುಪಾಸು. ನಮ್ಮ ಚಿಕ್ಕಪ್ಪನ ಮಂಡಿ ಹೋದದ್ದು ಹೀಗೆಯೇ. ಈಗ ಅಡಿಕೆ ತೂಗುವ ತಕ್ಕಡಿಯಲ್ಲಿ ಪ್ರತಿ ಗಂಟನ್ನೂ ತೂಗುತ್ತೇವೆ. 12 ಕಿಲೋ ದಾಟಿದರೆ ಇನ್ನೊಬ್ಬನಿಗೆ ಕೂಲಿ. ಚಿಕ್ಕಪ್ಪ ಬೆಟ್ಟ ಹತ್ತುವುದಿಲ್ಲ, ತಕ್ಕಡಿ ಅವರದು. ಡಬ್ಬಿಯಿಂದ ಅವರಿಗೆ ದಿನಗೂಲಿ.

ನಡುವೆ ಊಟದಲ್ಲೂ ಪ್ರಯೋಗ ಮಾಡಿದೆವು. ಚಿತ್ರಾನ್ನ ತುದಿ ಮುಟ್ಟುವಷ್ಟರಲ್ಲಿ ತಣ್ಣಗೆ ಉಂಡೆಕಟ್ಟುತ್ತಿತ್ತು. ಬಾಳೆಲೆಯಲ್ಲಿ ಸುತ್ತಿದ ಕಡುಬು ಗೆದ್ದಿತು, ಮೂರು ಮನೆಯ ಹೆಂಗಸರಿಗೆ ಸಂಪಾದನೆಯಾಯಿತು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೊಗೆಸೊಪ್ಪು ನೆನೆಸಿದ ಎಣ್ಣೆ ನಿಮಗೆಲ್ಲ ಗೊತ್ತು. ನಾನು ಇನ್ನೊಂದು ಸೊಪ್ಪು ಸೇರಿಸುತ್ತೇನೆ, ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ದಾರಿಯಲ್ಲಿ ಸಿಗುವ ಒಂಟಿಮರದ ಹತ್ತಿರ ಮಂಜು ಯಾವಾಗ ಒಡೆಯುತ್ತದೆಂದು ಹೇಳುವ ಗುರುತೂ ನನ್ನಲ್ಲೇ ಇರಲಿ.

ಮೊದಲು ಮಳೆಗಾಲದ ನಾಲ್ಕು ತಿಂಗಳಿಗೆ ನನ್ನ ಕೈಗೆ 22,000 ಉಳಿದರೆ ಹೆಚ್ಚು. ಕಳೆದ ಸಲ 40,000ದ ಹತ್ತಿರ ಬಂತು, ಎಲ್ಲರಿಗಿಂತ ಕಿರಿಯ ಹುಡುಗನಿಗೂ ಹೆಚ್ಚುಕಡಿಮೆ ಅಷ್ಟೇ. ಬಿಟ್ಟುಹೋದ ಇಬ್ಬರಲ್ಲಿ ಒಬ್ಬ ದಸರೆಗೆ ಮುಂಚೆ ಬಂದು ಹೆಸರು ಬರೆದುಕೊಳ್ಳಿ ಎಂದ. ಪಟ್ಟಿಯ ಕೊನೆಯಲ್ಲಿ ಬರೆದುಕೊಂಡೆವು.